ಕಿತ್ತಳೆ, ಹಳದಿ

“ಅದಲ್ಲ ಅಕ್ಕ, ಹಳದಿ ಹಚ್ಚು,” ಎಂದಳು ಕುರ್ಚಿಗೆ ಒರಗಿದ್ದ ತಂಗಿ.

ಕಿತ್ತಳೆ ಬಣ್ಣದ ಕ್ರೀಮಿನಲ್ಲಿ ಅದ್ದಿದ್ದ ಅಕ್ಕನ ಬೆರಳು ಅವಳ ಕಣ್ಣಿನ ಕೆಳಗೆ ಹಾಗೆಯೇ ನಿಂತಿತು. ಅದುವರೆಗೆ ಅಕ್ಕ ಛೇಡಿಸುತ್ತಲೇ ಇದ್ದಳು: “ರಾತ್ರಿಯೆಲ್ಲ ಫೋನು ನೋಡೋದು, ಬೆಳಗ್ಗೆ ಕಣ್ಣಿನ ಕೆಳಗೆ ಇದ್ದಿಲಂಗಡಿ ತೆರೆಯೋದು!” ಹದಿನಾಲ್ಕು ವರ್ಷ ಪಾರ್ಲರ್ ನಡೆಸಿದವಳಿಗೆ ಈ ಲೆಕ್ಕ ಬಾಯಿಪಾಠ. ನಿದ್ದೆಗೆಟ್ಟ ಕಪ್ಪನ್ನು ಕಿತ್ತಳೆ ಮರೆಸುತ್ತದೆ; ಪೆಟ್ಟು ಬಿದ್ದ ನೇರಳೆ ಕಲೆಯನ್ನು ಹಳದಿ ಮರೆಸುತ್ತದೆ. ಇದನ್ನು ಅವಳು ಯಾವ ಗಿರಾಕಿಗೂ ಹೇಳಿರಲಿಲ್ಲ. ತಂಗಿಯಂತೂ ಪೌಡರ್ ಬಿಟ್ಟು ಬೇರೇನನ್ನೂ ಮುಖಕ್ಕೆ ಸೋಕಿಸಿದವಳಲ್ಲ.

“ನಿನ್ನ ಗಂಡನಾ?”

“ಹೂಂ.”

“ಹಳದಿ ಅಂತ ಯಾರು ಹೇಳಿದರು?”

“ಯಾರು ಹೇಳ್ಬೇಕು? ಕಾಲೇಜಿಗೆ ಅಂತ ನಿಮ್ಮ ಮನೇಲಿದ್ದೆನಲ್ಲ. ಭಾವ ಆಫೀಸಿಗೆ ಹೋದ್ಮೇಲೆ ನೀನು ಕನ್ನಡಿ ಮುಂದೆ ಹಚ್ಕೊಳ್ತಿದ್ದೆ. ಬಾಗಿಲ ಸಂದೀಲಿ ನೋಡ್ತಿದ್ದೆ.” ಬಸ್ಸಿನ ವೇಳೆ ತಿಳಿಸುವಷ್ಟೇ ಸಪ್ಪೆಯಾಗಿ ಅವಳು ಹೇಳಿದಳು. “ಬೇಗ ಮುಗಿಸು, ಅಮ್ಮ ಊಟಕ್ಕೆ ಕಾಯ್ತಿರ್ತಾಳೆ.”

ಅಕ್ಕನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಗಂಡನನ್ನು ಬಿಟ್ಟು ಬರುವವರೆಗಿನ ಆ ಆರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವೆಂದೇ ಅವಳು ನಂಬಿದ್ದಳು. ಅಮ್ಮನಿಗೆ ಹೇಳಿದ್ದು ಇಷ್ಟೇ: ಹೊಂದಿಕೆಯಾಗಲಿಲ್ಲ. ಅವಳು ಬೆರಳನ್ನು ಹತ್ತಿಯಿಂದ ಒರೆಸಿಕೊಂಡಳು. ಎರಡೂ ಡಬ್ಬಿಗಳ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ಬಿಗಿಮಾಡಿದಳು.

“ಏಳು,” ಎಂದಳು. “ಹೀಗೇ ಹೋಗೋಣ. ಅಮ್ಮ ನೋಡಲಿ. ನಂದೂ ಇವತ್ತೇ ಹೇಳಿಬಿಡ್ತೀನಿ.”