ಹೊಸಮನೆಯ ಎಲ್ ಬೋರ್ಡ್

ಎರಡನೇ ಸಲವೂ ಫೇಲ್.

ಸುದ್ದಿ ಕಾರಿಗಿಂತ ಮೊದಲೇ ಹೊಸಮನೆ ಬಡಾವಣೆ ತಲುಪಿತ್ತು. “ಫೇಲ್ ಆಯ್ತು ಅತ್ತೆ” ಎಂದು ಅಮೂಲ್ಯ ಫೋನಿನಲ್ಲಿ ಹೇಳಿದ್ದು ಮೂರೇ ಮಾತು. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಸುಭದ್ರಮ್ಮನದಲ್ಲ. ಎಲ್ ಬೋರ್ಡಿನ ಬಿಳಿ ಕಾರು ಗೇಟಿನೊಳಗೆ ಬರುವ ಹೊತ್ತಿಗೆ ಎದುರುಮನೆಯ ಓಂಕಾರಪ್ಪ ಕಾಂಪೌಂಡಿಗೆ ಮೊಳಕೈ ಊರಿ ಕಾದಿದ್ದರು.

ಪರಮೇಶ್ವರಪ್ಪನವರು ಇಳಿದು, ಯಾರ ಮುಖವನ್ನೂ ನೋಡದೆ ಒಳಗೆ ನಡೆದರು. ಸೊಸೆ ಫೈಲು ಹಿಡಿದು ಹಿಂದೆ ಬಂದಳು.

“ಏನಮ್ಮಾ, ಮಸ್ಕತ್‌ಗಿಂತ ನಮ್ಮ ಶಿವಮೊಗ್ಗಾನೇ ಕಷ್ಟ ಆಯ್ತಾ? ನಿಮ್ಮ ಮಾವ ಊರಿಗೆಲ್ಲ ಕಾರು ಕಲ್ಸಿದೋರು. ದೀಪದ ಕೆಳಗೇ ಕತ್ತಲೆ ನೋಡು!” ಎಂದರು ಓಂಕಾರಪ್ಪ.

“ಮೂರನೇ ಸಲ ನೋಡೋಣ ಬಿಡಿ ಅಂಕಲ್,” ಎಂದು ಅಮೂಲ್ಯ ನಕ್ಕಳು.

ಅವಳು ಹುಟ್ಟಿ ಬೆಳೆದದ್ದು ಮಸ್ಕತ್‌ನಲ್ಲಿ. ಅಲ್ಲಿ ಒಂಬತ್ತು ವರ್ಷ ಕಾರು ಓಡಿಸಿದವಳು. ಗಂಡ ಜ್ಞಾನೇಶನ ಜೊತೆ ಈ ವರ್ಷ ಶಿವಮೊಗ್ಗಕ್ಕೆ ಬಂದು, ಭದ್ರಾವತಿಯ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಸೇರಿದ್ದಳು. ಮಸ್ಕತ್‌ನ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಿಸಿಕೊಂಡರೆ ಮಾವನ ಕಾರಿನಲ್ಲಿ ಓಡಾಡುವುದೆಂದು ಮಾತಾಗಿತ್ತು. ಮೂರು ತಿಂಗಳಾದರೂ ಓಡಾಟ ಬಸ್ಸಿನಲ್ಲೇ.

ಬಂದ ಹೊಸತರಲ್ಲಿ ಒಮ್ಮೆ ಅವಳು ಪೇಟೆಯಲ್ಲಿ ಕಾರು ಓಡಿಸಿದ್ದುಂಟು. ಜನ ದಾಟಲಿ ಎಂದು ಜೀಬ್ರಾ ಪಟ್ಟೆಯ ಮುಂದೆ ನಿಲ್ಲಿಸಿದಳು. ಯಾರೂ ದಾಟಲಿಲ್ಲ. ಕಾರು ಕೆಟ್ಟಿರಬೇಕೆಂದು ಇಬ್ಬರು ಪುಣ್ಯಾತ್ಮರು ಬಂದು ಹಿಂದಿನಿಂದ ತಳ್ಳಿದರು. ಆ ಕಥೆಯನ್ನು ಓಂಕಾರಪ್ಪ ಇಂದಿಗೂ ಉಪ್ಪು ಖಾರ ಹಚ್ಚಿ ಹೇಳುತ್ತಾರೆ.

ದುರ್ಗಿಗುಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಪರಮೇಶ್ವರಪ್ಪನವರದು ಸ್ಟೀರಿಂಗಿನ ಮೇಲೆ ನಲವತ್ತು ವರ್ಷದ ಕೈ. ಬೀದಿಯ ಅರ್ಧ ಜನ ಅವರ ಶಿಷ್ಯರು, ಓಂಕಾರಪ್ಪನೂ ಸೇರಿ. ದಾರಿಯಲ್ಲಿ ಪೊಲೀಸರು ಕಾರಿಗೆ ಕೈ ಅಡ್ಡ ಹಿಡಿದರೂ, ಮುಖ ಕಂಡೊಡನೆ “ಓ, ನೀವಾ ಸಾವ್ಕಾರ್ರೇ, ಹೋಗಿ ಹೋಗಿ” ಎಂದು ಬಿಟ್ಟುಬಿಡುತ್ತಿದ್ದರು.

ಇಂಥ ಮನುಷ್ಯ ಸೊಸೆಯ ಜೊತೆ ಮೊದಲ ದಿನ ಆರ್‌ಟಿಒ ಕಚೇರಿಗೆ ಹೋದದ್ದು ಮದುವೆಗೆ ಹೊರಟವರ ಹಾಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಬಂದದ್ದು ಮಾತು ಸತ್ತವರ ಹಾಗೆ. ಗುಮಾಸ್ತರು ಕೇಳಿದ ಒಂದು ಕಾಗದ ಇರಲಿಲ್ಲ ಎಂಬುದಷ್ಟೇ ಸುಭದ್ರಮ್ಮನಿಗೆ ಸಿಕ್ಕ ವರದಿ.

“ಈಗೇನಂತೆ?”

“ಕಲಿಯೋರ ಲೈಸೆನ್ಸ್ ಮಾಡ್ಸಿ, ಟೆಸ್ಟ್ ಕೊಡ್ಬೇಕಂತೆ ಅತ್ತೆ,” ಎಂದಿದ್ದಳು ಅಮೂಲ್ಯ.

ಮಾರನೆಯ ವಾರವೇ ಕಾರಿಗೆ ಕೆಂಪು ಎಲ್ ಬಿತ್ತು. ದಿನಾ ಬೆಳಿಗ್ಗೆ ಮಾವ ಸೊಸೆ ಆಯನೂರಿನ ದಾರಿ ಹಿಡಿಯುವರು. ಹೊರಡುವಾಗ ಸ್ಟೀರಿಂಗ್ ಮಾವನ ಕೈಯಲ್ಲಿ. ಖಾಲಿ ರಸ್ತೆ ಸಿಕ್ಕಮೇಲೆ ಸೊಸೆಗೆ ಬಿಡುತ್ತಾರೆಂದು ಬೀದಿಯವರ ಲೆಕ್ಕಾಚಾರ. ಅಂಗಡಿಗೆ ಮಾತ್ರ ಪರಮೇಶ್ವರಪ್ಪನವರು ಈಗ ನಡೆದೇ ಹೋಗುತ್ತಿದ್ದರು. ಕೇಳಿದರೆ, “ಹೊಟ್ಟೆ ಬಂದಿದೆ ಮಾರಾಯಾ, ಕರಗ್ಲಿ” ಎನ್ನುವರು.

ಎರಡನೇ ಸಲ ಫೇಲಾದ ಆ ದಿನ ಊಟಕ್ಕೆ ಕುಳಿತಾಗ ಸುಭದ್ರಮ್ಮ ಕೆದಕಿದರು.

“ಇವತ್ತೇನು ತಪ್ಪಾಯ್ತೇ?”

“ಬೆಲ್ಟ್ ಹಾಕೋದು ಮರ್ತುಹೋಯ್ತು. ತಿರುಗುವಾಗ ಇಂಡಿಕೇಟರ್ ಬದ್ಲು ಕೈ ಹೊರಗೆ ಹೋಯ್ತು.”

“ಬೆಲ್ಟ್ ಇಲ್ದೆ ಕಾರು ಸ್ಟಾರ್ಟೇ ಮಾಡಲ್ಲ ಅಂತಿದ್ದೆಯಲ್ಲೇ ನೀನು!” ಸುಭದ್ರಮ್ಮ ಗಂಡನತ್ತ ತಿರುಗಿದರು. “ಎಲ್ಲ ನಿಮ್ಮಿಂದಾನೇ ರೀ. ಪಕ್ಕದಲ್ಲಿ ಕೂತು ಕೂಗಾಡಿ ಹುಡುಗೀನ ಹೆದರಿಸಿಟ್ಟಿದ್ದೀರಿ.”

“ನಾನೆಲ್ಲಿ ಕೂಗ್ತೀನೇ ಮಾರಾಯ್ತಿ? ಆ ಕಾರಲ್ಲಿ ನನಗೆ ಬಾಯೇ ಇಲ್ಲ,” ಎಂದರು ಪರಮೇಶ್ವರಪ್ಪ. ಅನ್ನ ಕಲಸುತ್ತಿದ್ದ ಕೈ ನಿಂತಿತ್ತು. “ಇನ್ನೊಂದ್ಸಲ ಫೇಲಾದ್ರೆ ನಾನು ದುರ್ಗಿಗುಡೀಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ.”

“ಪರೀಕ್ಷೆ ಅವಳದು, ನಡುಕ ನಿಮ್ಮದು! ಚೆನ್ನಾಗಿದೆ.”

ಅಮೂಲ್ಯ ಮಾವನ ತಟ್ಟೆಗೆ ಸಾರು ಬಡಿಸಿದಳು. “ಜನ ನನ್ನನ್ನ ನೋಡಿ ನಗ್ತಾರೆ, ಅಷ್ಟೇ ತಾನೇ ಮಾವ? ನಗ್ಲಿ ಬಿಡಿ. ನಂಗೇನೂ ಬೇಜಾರಿಲ್ಲ.”

ಮಾವನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಕಚ್ಚಿದೆ ಎಂದರು.

ಮೂರನೇ ಟೆಸ್ಟಿನ ದಿನ ಸುಭದ್ರಮ್ಮ ತಾವೂ ಬರುವುದಾಗಿ ಹೊರಟು ನಿಂತರು. “ಬೇಡ!” ಎಂದು ಮಾವ ಸೊಸೆ ಒಟ್ಟಿಗೇ ಕೂಗಿದರು. ಬೇಡ ಎಂದ ಮೇಲೆ ಹೋಗದಿರುವ ಹೆಂಗಸೇ ಅವರು? ಕಾರು ಹೋಗಿ ಅರ್ಧ ಗಂಟೆಗೆ ದೇವಸ್ಥಾನದ ಕುಂಕುಮ ಸೆರಗಿಗೆ ಕಟ್ಟಿಕೊಂಡು ಆಟೋ ಹತ್ತಿದರು.

ಟೆಸ್ಟಿನ ಮೈದಾನದ ತಂತಿಬೇಲಿಯ ಹೊರಗೆ ಜನ ಮುತ್ತಿಕೊಂಡಿದ್ದರು. ಸುಭದ್ರಮ್ಮ ಸಂದಿಯಲ್ಲಿ ತೂರಿ ಮುಂದೆ ಬಂದರು. ಅವರ ಬಿಳಿ ಕಾರು ಆಗಲೇ ಗೆರೆಯ ಮೇಲೆ ನಿಂತಿತ್ತು. ಗಾಜಿಗೆ ಬಿಸಿಲು ಹೊಡೆದು ಒಳಗಿನದೇನೂ ಕಾಣುತ್ತಿರಲಿಲ್ಲ. ಕಾರು ಹೊರಟಿತು. ಎಡಕ್ಕೆ ತಿರುಗುವಾಗ ಎಡದ ದೀಪ ಮಿಟುಕಿತು, ಬಲಕ್ಕೆ ಬಲದ್ದು. ಕೈ ಹೊರಗೆ ಬರಲಿಲ್ಲ. ಆಮೇಲೆ ರಿವರ್ಸ್. ಸುಭದ್ರಮ್ಮ ಕಣ್ಣು ಮುಚ್ಚಿ ದೇವರನ್ನು ನೆನೆದರು. ಕಣ್ಣು ಬಿಟ್ಟಾಗ ಕಾರು ಒಂದು ಕಂಬವನ್ನೂ ಮುಟ್ಟದೆ ಹಿಂದೆ ಬಂದು ನಿಂತಿತ್ತು. ಇನ್‌ಸ್ಪೆಕ್ಟರು ಹೆಬ್ಬೆರಳೆತ್ತಿದರು.

“ನನ್ನ ಸೊಸೆ ಕಣಮ್ಮಾ!” ಎಂದು ಸುಭದ್ರಮ್ಮ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಕೈ ಹಿಡಿದು ಅಲುಗಾಡಿಸಿದರು. “ಹೇಗೆ ಓಡ್ಸಿದ್ಲು ನೋಡಿದ್ರಾ?”

“ಅತ್ತೆ? ನೀವಿಲ್ಲಿ?”

ಹಿಂದೆ ಅಮೂಲ್ಯ ನೀರಿನ ಬಾಟಲಿ ಹಿಡಿದು ನಿಂತಿದ್ದಳು.

ಸುಭದ್ರಮ್ಮ ಅವಳನ್ನು ನೋಡಿದರು. ಕಾರನ್ನು ನೋಡಿದರು. “ನೀನಿಲ್ಲಿದ್ರೆ... ಅಲ್ಲಿರೋದು?”

“ನನ್ನ ಲೈಸೆನ್ಸ್ ಕೈಗೆ ಬಂದು ಎರಡು ತಿಂಗಳ ಮೇಲಾಯ್ತು ಅತ್ತೆ. ಅವತ್ತು ಗುಮಾಸ್ತರು ಕೇಳಿದ ಕಾಗದ ಇಲ್ದೇ ಇದ್ದದ್ದು ಮಾವನ ಹತ್ರ. ಓಂಕಾರಪ್ಪ ಅಂಕಲ್‌ಗೆ ಮಾತ್ರ ಹೇಳ್ಬೇಡಿ, ನಿಮ್ಮ ದಮ್ಮಯ್ಯ.”

ಕಾರಿನ ಬಾಗಿಲು ತೆರೆಯಿತು. ನಲವತ್ತು ವರ್ಷ ಊರಿಗೆಲ್ಲ ಕಾರು ಕಲಿಸಿದ ಪರಮೇಶ್ವರಪ್ಪನವರು, ಜೀವಮಾನದ ಮೊಟ್ಟಮೊದಲ ಲೈಸೆನ್ಸಿನ ಟೆಸ್ಟು ಪಾಸಾಗಿ, ಮುಖದ ಬೆವರು ಒರೆಸಿಕೊಳ್ಳುತ್ತ ಇಳಿದರು.