ಬಿಟ್ಟಿ ಬಂದವರು

ಕೆರೆಯ ತಂತಿಬೇಲಿಯ ಕಿಂಡಿಯಿಂದ ಮೊದಲು ಒಂದು ಒದ್ದೆ ಚೀಲ ಹೊರಗೆ ಬಿತ್ತು. ಅದರ ಹಿಂದೆ ಮಂಡಿಯೂರಿ ತೂರಿಕೊಂಡು ಬಂದವಳು ಅವನ ಸ್ವಂತ ಅಕ್ಕ.

ಕೆರೆ ನೋಡಲು ಬಂದಿದ್ದ ಅವನು ಪಂಪಿನ ಕೋಣೆಯ ಗೋಡೆಗೆ ಅಂಟಿಕೊಂಡು ನಿಂತ. ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಅಕ್ಕನ ಬೆನ್ನಿಗೇ ಕೇರಿಯ ಮತ್ತಷ್ಟು ಹೆಂಗಸರು ಬಂದರು, ಎಲ್ಲರ ಕೈಯಲ್ಲೂ ನೀರು ತೊಟ್ಟಿಕ್ಕುವ ಚೀಲ. ಕೊನೆಗೆ ಉದ್ದ ಹಿಡಿಯ ಕೊಕ್ಕೆಯೊಂದನ್ನು ಒಳಗಿನಿಂದ ಒಂದು ಕೈ ದಾಟಿಸಿತು, ತಂತಿಯನ್ನು ಮೊದಲಿದ್ದಂತೆ ಹೆಣೆಯಿತು. ಆ ಕೈ ಯಾರದೆಂದು ತಿಳಿಯಲು ಮುಖ ನೋಡಬೇಕಾಗಿರಲಿಲ್ಲ. ಕೆರೆಯ ಕಾವಲುಗಾರ ಅವನ ಭಾವ. ಭಾವನಿಗೆ ಆ ಕೆಲಸ ಕೊಡಿಸಿದವನು ತಾನೇ.

ಮೀನು ಎಂದುಕೊಂಡ. ಕೆರೆ ತುಂಬ ಮೀನು ಬಿಟ್ಟಿದ್ದರಲ್ಲ, ಇನ್ನೇನು ಹೊರುತ್ತಾರೆ?

ಅವನು ದುಡಿಯುತ್ತಿದ್ದುದು ಒಂದು ಚಿಂತನಾ ಸಂಸ್ಥೆಯಲ್ಲಿ. ಕಾಡು, ನದಿ, ಕೆರೆ ಉಳಿಯಬೇಕಾದರೆ ಅವನ್ನು ಮಾರುಕಟ್ಟೆಯ ಕೈಗೆ ಕೊಡಿ ಎಂದು ಸಾರುವುದೇ ಅದರ ಕಸುಬು. ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ, ಗೋಡೆಯಗಲಕ್ಕೆ ಕಾಡಿನ ಚಿತ್ರ. ಅಲ್ಲಿ ಕೂತವರಲ್ಲಿ ಒಬ್ಬರ ಪಾದಕ್ಕೂ ಕೆಸರು ತಾಗಿದ್ದಿಲ್ಲ. "ಎಲ್ಲರದ್ದು ಅಂದ್ರೆ ಯಾರೂ ನೋಡ್ಕೊಳ್ಳಲ್ಲ ಅಂತ ಅರ್ಥ," ಎನ್ನುತ್ತಿದ್ದರು ನಿರ್ದೇಶಕರು. "ಬಿಟ್ಟಿ ಒಳಗೆ ಬಂದವನು ದೋಚೋಕೇ ಬಂದಿರ್ತಾನೆ." ಅವನು ಅದನ್ನು ನಂಬಿದ್ದ. ನಂಬಿ, ವರದಿಯಲ್ಲೂ ಬರೆದಿದ್ದ.

ಆ ವರದಿಗೆ ಸಾಕ್ಷಿಯೇ ಈ ಕೆರೆ. ಸಂಸ್ಥೆಯ ಮಾತು ಕೇಳಿ ಆಡಳಿತದವರು ಅದನ್ನು ಒಬ್ಬ ವ್ಯಾಪಾರಿಗೆ ವಹಿಸಿದ್ದರು. ಬೇಲಿ ಬಂತು, ಟಿಕೆಟ್ ಬಂತು, ಬಣ್ಣದ ದೋಣಿ ಬಂದವು. ಬಟ್ಟೆ ಒಗೆಯುತ್ತಿದ್ದವರನ್ನು ದಡದಿಂದ ಎಬ್ಬಿಸಿ ಕಳಿಸಿದ್ದಾಯಿತು. ಆಮೇಲೆ ನೀರು ನಿಜಕ್ಕೂ ಕನ್ನಡಿಯಂತಾಯಿತು. ಒಡೆಯನಿದ್ದರೆ ನೀರು ತಾನಾಗಿ ತಿಳಿಯಾಗುತ್ತದೆ ಎಂಬ ಅವನ ಸಾಲು ವರದಿಯ ಮುಖಪುಟ ಹತ್ತಿತು. ಈಗ ಅದನ್ನು ಕಣ್ಣಾರೆ ನೋಡಲು ಹೊರದೇಶದಿಂದ ದೊಡ್ಡವರು ಬರುವವರಿದ್ದರು. ಅವರು ತಲೆಯಾಡಿಸಿದರೆ ಉಳಿದ ಕೆರೆಗಳಿಗೂ ಬೇಲಿ ಬೀಳುತ್ತದೆ, ಅವನ ನೌಕರಿ ಕಾಯಂ ಆಗುತ್ತದೆ.

ಬೇಲಿ ಹಾಕಿದ ಹೊಸತರಲ್ಲೇ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತು, ಕೆರೆ ತಿಳಿಯಾದರೆ ನೋಡಲು ದೊಡ್ಡವರು ಬರುತ್ತಾರೆ ಎಂದು ಕೊಚ್ಚಿಕೊಂಡಿದ್ದ. ನನ್ನ ನೌಕರಿ ನಿಂತಿರುವುದೇ ಆ ನೀರಿನ ಮೇಲೆ ಎಂದಿದ್ದ. ಹಾಗಾದರೆ ಬೇಗ ಈಜು ಕಲಿತುಕೋ ಎಂದು ಭಾವ ನಕ್ಕಿದ್ದ. ಅಕ್ಕ ನಕ್ಕಿರಲಿಲ್ಲ.

ಮಧ್ಯಾಹ್ನ ಅವಳ ಮನೆಗೆ ಹೋದ. ಅವನನ್ನು ಕಂಡೊಡನೆ ಅಕ್ಕ ಹಿತ್ತಿಲ ಬಾಗಿಲನ್ನು ಎಳೆದುಕೊಂಡಳು. ಅವಳ ಬೆರಳುಗಳು ನೀರಿನಲ್ಲಿ ನೆನೆದು ಬಿಳಿಚಿದ್ದವು. ಮನೆಯಲ್ಲಿ ಮೀನಿನ ವಾಸನೆಯೇ ಇರಲಿಲ್ಲ. ತಿನ್ನುತ್ತಿಲ್ಲ, ಮಾರುತ್ತಿದ್ದಾರೆ ಎಂದುಕೊಂಡ.

"ಬೆಳಿಗ್ಗೆ ಬೇಲಿ ಹತ್ರ ನಿನ್ನ ನೋಡ್ದೆ ಅಕ್ಕ."

ಅಕ್ಕ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. "ಇನ್ನು ಸ್ವಲ್ಪ ದಿನ ಪುಟ್ಟಾ. ಆ ದೊಡ್ಡೋರು ಬಂದು ಹೋಗ್ಲಿ, ನಿಲ್ಲಿಸಿಬಿಡ್ತೀವಿ. ನೋಡೇ ಇಲ್ಲ ಅನ್ಕೋ."

"ಗೊತ್ತಾದ್ರೆ ಭಾವನ ಕೆಲಸ ಉಳಿಯುತ್ತಾ?"

"ಅದಕ್ಕೇ ಕಣೋ ಬಾಯಿಬಿಡಬೇಡ ಅನ್ನೋದು," ಎಂದ ಭಾವ, ಮೂಲೆಯಿಂದ. "ಇದ್ರಲ್ಲಿ ಯಾರಿಗೂ ನಷ್ಟ ಇಲ್ಲ. ನಿಂಗಂತೂ ಲಾಭಾನೇ."

ಅಂದರೆ ತನಗೂ ಪಾಲು. ಅವನು ಚಪ್ಪಲಿ ಮೆಟ್ಟಿ ಹೊರಬಿದ್ದ. ಅಮ್ಮ ಹೋದ ಮೇಲೆ ಇದೇ ಅಕ್ಕ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅದೇ ಕೆರೆಯ ದಡದಲ್ಲಿ ಮೀಯಿಸಿದ್ದಳು. ಸುಮ್ಮನಿದ್ದರೆ ಕಳ್ಳರ ಕಡೆಯವನಾಗುತ್ತಾನೆ. ಬಾಯಿಬಿಟ್ಟರೆ ಅಕ್ಕನ ಒಲೆ ಆರುತ್ತದೆ.

ನಿರ್ದೇಶಕರ ಮುಂದೆ ಬಾಯಿಬಿಟ್ಟ. ಹೆಸರು ಹೇಳಲಿಲ್ಲ. ಕಿಂಡಿಯನ್ನಷ್ಟೇ ಹೇಳಿ, ಉಳಿದದ್ದು ತನ್ನ ಕೈಯಲ್ಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನಿರ್ದೇಶಕರು ಬೆನ್ನು ತಟ್ಟಿ, ಇದನ್ನೂ ವರದಿಗೆ ಸೇರಿಸಿ ಎಂದರು. ಸಂಜೆಯೊಳಗೆ ಭಾವನ ಸಮವಸ್ತ್ರ ಬಿಚ್ಚಿಸಿದರು. ಬೇಲಿಯಿದ್ದಲ್ಲಿ ಗೋಡೆ ಎದ್ದಿತು. ಭಾವ ಲಾರಿಗೆ ಮೂಟೆ ಹೊರಲು ಹೋದ. ಅಕ್ಕ ಬಂದು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಅವನು ಅವಳ ಬೀದಿ ತಪ್ಪಿಸಿ ಸುತ್ತು ಬಳಸಿ ಓಡಾಡತೊಡಗಿದ. ಅನ್ನದ ಮುಂದೆ ಕೂತರೆ ಆ ಬಿಳಿಚಿದ ಬೆರಳುಗಳು ಕಣ್ಣಿಗೆ ಕಟ್ಟುತ್ತಿದ್ದವು. ಹೋಗಲಿ, ಮೀನಾದರೂ ಉಳಿದವು ಎಂದು ತುತ್ತು ನುಂಗುತ್ತಿದ್ದ.

ದೊಡ್ಡವರು ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಮಳೆ ನಿಲ್ಲುವವರೆಗೆ ದೋಣಿ ನಿಲ್ಲಿಸಿ ಬೀಗ ಹಾಕಿದ್ದ ಕೆರೆಯತ್ತ ಯಾರೂ ಹೋಗಿರಲಿಲ್ಲ. ಕಾರುಗಳು ಗೇಟು ದಾಟುವ ಮೊದಲೇ ನಾತ ಎದುರುಗೊಂಡಿತು. ಕೆರೆಯ ಮೇಲೆ ಕಾಲಿಟ್ಟು ನಡೆಯಬಹುದೇನೋ ಎಂಬಂತೆ ಹಸಿರು ಕಳೆ ಮುಚ್ಚಿಕೊಂಡಿತ್ತು. ನಡುನಡುವೆ ಬಾಟಲಿ, ಹರಿದ ಚಪ್ಪಲಿ, ಪ್ಲಾಸ್ಟಿಕ್. ದಡದುದ್ದಕ್ಕೂ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದ ಸತ್ತ ಮೀನು, ಲೆಕ್ಕವಿಲ್ಲದಷ್ಟು.

ಇಷ್ಟೊಂದಿದ್ದವೇ? ಹಾಗಾದರೆ ಕದ್ದದ್ದೇನು?

ಅತಿಥಿಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ನಿಮ್ಮ ಶುಚಿ ಮಾಡುವ ಆಳುಗಳೆಲ್ಲಿ ಎಂದು ನಿರ್ದೇಶಕರು ವ್ಯಾಪಾರಿಯ ಕಿವಿಯಲ್ಲಿ ಹಲ್ಲು ಕಡಿಯುತ್ತ ಕೇಳಿದರು.

"ನನ್ನ ಆಳುಗಳಾ?" ಎಂದ ವ್ಯಾಪಾರಿ. "ಅದು ನಿಮ್ಮ ಸಂಸ್ಥೆಯ ಏರ್ಪಾಡು ಅನ್ಕೊಂಡಿದ್ದೆ. ದಿನಾ ಬೆಳಿಗ್ಗೆ ನಾನು ಬರೋಷ್ಟರಲ್ಲಿ ಶುದ್ಧವಾಗೇ ಇರ್ತಿತ್ತಲ್ಲ ಸಾರ್."

ಅವನು ಅಲ್ಲಿ ನಿಲ್ಲಲಿಲ್ಲ. ಓಡಿದ. ಅಕ್ಕನ ಮನೆಯ ಸಂದಿಯಲ್ಲಿ ನುಗ್ಗಿ, ತಾನು ಎಂದೂ ಇಣುಕದ ಹಿತ್ತಿಲಿಗೆ ಬಂದ. ಎದೆಯೆತ್ತರದ ರಾಶಿ. ಒಣಗಿ ಕಪ್ಪಾದ ಕಳೆ, ಕೆಸರು ಮೆತ್ತಿದ ಬಾಟಲಿ, ಒಂಟಿ ಚಪ್ಪಲಿಗಳು. ಮೇಲೆ ಮಡಿಸಿಟ್ಟ ಚೀಲಗಳು, ಪಕ್ಕಕ್ಕೆ ಒರಗಿಸಿದ ಕೊಕ್ಕೆ.

ಅಕ್ಕ ಕೈ ಒರೆಸಿಕೊಳ್ಳುತ್ತ ಹಿತ್ತಿಲ ಬಾಗಿಲಿಗೆ ಬಂದಳು. ಅವನು ಆ ರಾಶಿಯತ್ತ ಕೈ ತೋರಿಸಿದ.

"ನಿನ್ನ ನೌಕರಿ ನಿಂತಿರೋದೇ ಆ ನೀರಿನ ಮೇಲೆ ಅಂದಿದ್ಯಲ್ಲೋ ಪುಟ್ಟಾ," ಎಂದಳು ಅಕ್ಕ.