ಮರಿಯಾಗದ ಮೊಟ್ಟೆಗಳು

ಪಂಜರದ ಲವ್ ಬರ್ಡ್ಸ್ ಜೋಡಿ ದಿನವಿಡೀ ಒಂದಕ್ಕೊಂದು ಅಂಟಿಕೊಂಡೇ ಕೂರುತ್ತಿದ್ದವು. ಮೂರು ಸಲ ಮೊಟ್ಟೆ ಇಟ್ಟು ಕಾವು ಕೊಟ್ಟರೂ ಒಂದೂ ಮರಿಯಾಗಲಿಲ್ಲ.

"ಈ ಮನೆಗೆ ಬರೋ ಹೆಣ್ಣೆಲ್ಲ ಹಿಂಗೇ. ನಡಿ, ಬದಲಾಯಿಸ್ಕೊಂಡು ಬರೋಣ," ಎಂದರು ಅತ್ತೆ ಪುಟ್ಟಗೌರಮ್ಮ. ಮದುವೆಯಾಗಿ ಏಳು ವರ್ಷವಾಗಿದ್ದ ಸೊಸೆ ವಾರಿಜಾ ಪಂಜರ ಎತ್ತಿಕೊಂಡಳು.

ಜೋಡಿ ಮಾರಿದ್ದ ಅಂಗಡಿಯವನು ಹಕ್ಕಿಗಳ ಹೊಟ್ಟೆಯ ಕೆಳಗೆ ಬೆರಳಿಟ್ಟು ನೋಡಿದ.

"ಈ ಆಫ್ರಿಕಾ ಗಿಳಿಗಳಲ್ಲಿ ಗಂಡು, ಹೆಣ್ಣು ನೋಡೋಕೆ ಒಂದೇ ಥರ ಅಮ್ಮಾ. ನಾನೇ ಮೋಸಹೋಗಿದ್ದೀನಿ. ಎರಡೂ ಹೆಣ್ಣು. ಮರಿ ಆಗ್ಲಿಲ್ಲ ಅಂದ್ರೆ ಇವುಗಳ ತಪ್ಪೇನಿದೆ?"

ವಾಪಸು ಬರುವಾಗ ವಾರಿಜಾ ದಾರಿಯಲ್ಲೇ ನಿಂತಳು. ಎಷ್ಟೋ ದಿನದಿಂದ ಬಚ್ಚಿಟ್ಟಿದ್ದ ಮಾತು ಹೊರಗೆ ಬಂತು.

"ಅತ್ತೆ, ನಿಮಗೆ ನೋವಾಗುತ್ತೆ ಅಂತ ಹೇಳಿರಲಿಲ್ಲ. ಡಾಕ್ಟರು ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿದ್ರು. ನನಗೇನೂ ತೊಂದರೆ ಇಲ್ಲ. ನಿಮ್ಮ ಮಗನಿಗೇ ಮಕ್ಕಳಾಗೋದಿಲ್ವಂತೆ."

ಪುಟ್ಟಗೌರಮ್ಮ ಬೆಚ್ಚಲಿಲ್ಲ. ಸುತ್ತಮುತ್ತ ನೋಡಿ ದನಿ ತಗ್ಗಿಸಿದರು.

"ಮೆಲ್ಲಗೆ ಮಾತಾಡೇ. ಮದುವೆಗೆ ಮುಂಚೇನೇ ನಮಗೆ ಗೊತ್ತಿತ್ತು."